ಮಗ್ಗದ ಹಲಗೆಯ ಕೆಳಗೆ ಎರಡು ಪುಸ್ತಕ

“ಬೆಳಿಗ್ಗೆ ಕರ್ಕೊಂಡು ಹೋದೋರು ಮಧ್ಯಾಹ್ನದ ಗಂಟೆಗೆ ಮುಂಚೆ ಬಿಟ್ಟುಬಿಟ್ರಾ? ಮಿಕ್ಕೋರೆಲ್ಲ ಇನ್ನೂ ಅಲ್ಲೇ ಕೊಳೀತಾ ಇದಾರೆ. ನಿನ್ನೊಬ್ಬಳನ್ನೇ ಹೆಂಗೆ ಬಿಟ್ರು? ಅದೊಂದು ಹೇಳು ಸಾಕು.”

“ಕೇಳಿದ್ರು. ಹೇಳಿದೆ. ಬಿಟ್ರು.”

“ಏನು ಹೇಳಿದೆ?”

“ಅವರಿಗೆ ಸಾಕಾಗೋವಷ್ಟು.”

“ಅವರಿಗೆ ಸಾಕಾಗೋದು ಹೆಸರು ಕಣೇ, ಹೆಸರು! ಬಿಷಪ್ಪನ ಅಧಿಕಾರಿ ಮುಂದೆ ನಿಂತು, ಹೆಸರು ಹೇಳದೆ ಹೊರಗೆ ಬಂದೋರು ಈ ಸೀಮೇಲೇ ಇಲ್ಲ. ಯಾರ ಹೆಸರು ಕೊಟ್ಟೆ? ರೇಫ್ ಮಾವಂದಾ? ನಮ್ಮ ಭಾವಂದಾ?”

ಪರ್ನೆಲ್ ರಾಟೆ ನಿಲ್ಲಿಸಲಿಲ್ಲ. ಎಡಗೈಯಲ್ಲಿ ಉಣ್ಣೆ ಎಳೆಯುತ್ತಲೇ, “ಕೂಗಬೇಡ, ಬೀದಿಗೆ ಕೇಳ್ಸುತ್ತೆ. ಲಂಡನ್ನಿನ ಕೆಸರು ಇನ್ನೂ ಮೊಣಕಾಲ ತನಕ ಇದೆ. ಮೊದಲು ಅದನ್ನ ತೊಳ್ಕೊ” ಎಂದಳು.

ಅವಳ ಗಂಡ ಹ್ಯಾಮನ್ ಕೈಗೆ ಸಿಕ್ಕಿದ ಲಾಳಿಯನ್ನು ಬೀಸಿ ಎಸೆದ. ಅದು ಗೋಡೆಗೆ ಬಡಿದು ಒಲೆಯ ಬೂದಿಯಲ್ಲಿ ಬಿತ್ತು. ಪರ್ನೆಲ್ ಎದ್ದು ಅದನ್ನು ಹೆಕ್ಕಿ, ಒರೆಸಿ, ಮಗ್ಗದ ಮೇಲೆ ಇಟ್ಟಳು.

“ಹೇಳಿದ್ರೆ ನಂಬ್ತೀಯಾ?”

“ನಂಬೋ ಹಂಗಿದ್ರೆ ನಂಬ್ತೀನಿ.”

“ಆಣೆ ಮಾಡಿ ಹೇಳ್ಲಾ?”

“ನಮ್ಮಲ್ಲಿ ಆಣೆ ಇಲ್ಲ. ನಿನಗೇ ಗೊತ್ತಲ್ಲ.”

ಪರ್ನೆಲ್ ನಕ್ಕಳು. ಅದು ಕೇಳಲು ಹಿತವಾದ ನಗೆಯಲ್ಲ. “ಹೌದಲ್ಲ, ಮರೆತೇ ಹೋಗಿತ್ತು. ನಿಮ್ಮಲ್ಲಿ ಆಣೆ ಇಲ್ಲ. ಪುಣ್ಯವಂತರು” ಎಂದು ಮತ್ತೆ ರಾಟೆಗೆ ಕೂತಳು. ಅವತ್ತು ಅದಕ್ಕಿಂತ ಹೆಚ್ಚು ಅವಳ ಬಾಯಿಂದ ಬರಲಿಲ್ಲ.

ಇಂಗ್ಲಿಷಿನಲ್ಲಿ ಬೈಬಲ್ ಓದಿದವರನ್ನು ಬೆಂಕಿಗೆ ಕೊಡುತ್ತಿದ್ದ ಕಾಲ ಅದು. ಚರ್ಚಿನಲ್ಲಿ ಪಾದ್ರಿ ಓದುತ್ತಿದ್ದುದು ಲ್ಯಾಟಿನ್. ನೇಕಾರನಿಗೆ, ಕಟುಕನಿಗೆ, ಕುರಿ ಕಾಯುವವನಿಗೆ ಅದರ ಒಂದು ಮಾತೂ ತಿಳಿಯುತ್ತಿರಲಿಲ್ಲ. ತಿಳಿಯಬೇಕಾಗಿಯೂ ಇಲ್ಲ ಎಂದು ದೊಡ್ಡವರು ತೀರ್ಮಾನ ಮಾಡಿ ಆಗಿತ್ತು. ಆದರೆ ನೂರು ವರ್ಷಕ್ಕೂ ಹಿಂದೆ ಆಕ್ಸ್‌ಫರ್ಡಿನ ಕೆಲವು ಓದಿದವರು ಆ ಲ್ಯಾಟಿನ್ನನ್ನು ಇಂಗ್ಲಿಷಿಗೆ ತಂದುಬಿಟ್ಟಿದ್ದರು. ಅದನ್ನು ಕೈಬರಹದಲ್ಲಿ ನಕಲು ಮಾಡಿ, ನಕಲಿನಿಂದ ಇನ್ನೊಂದು ನಕಲು ಮಾಡಿ, ಹಿಟ್ಟಿನ ಚೀಲದಲ್ಲೋ ಉಣ್ಣೆಯ ಮೂಟೆಯಲ್ಲೋ ಹುದುಗಿಸಿ ಜನ ಊರಿಂದೂರಿಗೆ ದಾಟಿಸಿದರು. ಎಸೆಕ್ಸ್ ಸೀಮೆಯ ಈ ನೇಕಾರರ ಹಳ್ಳಿಗೆ ಅದು ಬಂದದ್ದೂ ಹಾಗೆಯೇ.

ಪುಸ್ತಕ ಒಂದೇ, ಜನ ಹಲವರು. ಹಾಗಾಗಿ ಆ ಜನ ಅದನ್ನು ಬಾಯಿಪಾಠ ಮಾಡಿ ಹಂಚಿಕೊಂಡಿದ್ದರು. ಪುಸ್ತಕ ಸಿಕ್ಕಿ ಸುಟ್ಟುಹೋದರೂ ತಲೆಯಲ್ಲಿರುವುದು ಉಳಿಯಬೇಕಲ್ಲ. ಹ್ಯಾಮನ್‌ನ ಸೋದರಮಾವ ರೇಫ್‌ಗೆ ಯೇಸುವಿನ ಬೆಟ್ಟದ ಮೇಲಿನ ಉಪದೇಶ ಅಕ್ಷರಕ್ಕೆ ಅಕ್ಷರ ಬರುತ್ತಿತ್ತು. ಎಲ್ಲರಿಗೂ ಕಲಿಸಿದವನು ಅವನೇ. ಹ್ಯಾಮನ್‌ನ ಅಕ್ಕ ಟಿಬ್ಬಿಗೆ ಬೈಬಲಿನಲ್ಲಿರುವ ಸಂತ ಪೌಲನ ಒಂದು ದೊಡ್ಡ ಪತ್ರದ ಅರ್ಧ, ಅವಳ ಗಂಡ ವಾಟ್‌ಗೆ ಇನ್ನರ್ಧ. ಗಂಡ ಹೆಂಡತಿ ಮಾತು ಬಿಟ್ಟ ವಾರ ಪೌಲನೂ ಅರ್ಧಕ್ಕೇ ನಿಲ್ಲುತ್ತಿದ್ದ. ಹ್ಯಾಮನ್‌ಗೆ ಯಾಕೋಬನ ಪತ್ರ ಪೂರ್ತಿ. ಲಾಳಿ ಎಡಕ್ಕೆ ಹೋಗಿ ಬಲಕ್ಕೆ ಬರುವುದರೊಳಗೆ ಒಂದು ಸಾಲು ಹೇಳಿ ಮುಗಿಸುತ್ತಿದ್ದ. ತನ್ನ ನೆನಪಿನ ಶಕ್ತಿಯ ಮೇಲೆ ಅವನಿಗೆ ಭಾರಿ ಜಂಬ. ಯಾವುದರ ಮೇಲೂ ಆಣೆ ಇಡಬಾರದು, ಇದ್ದದ್ದನ್ನು ಇದ್ದಂತೆ ಹೇಳಬೇಕು ಎನ್ನುವ ಮಾತು ಇದ್ದದ್ದೂ ಆ ಪತ್ರದಲ್ಲೇ. ಆ ಜನ ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ, ಸಂತೆಯಲ್ಲಿ ಬಟ್ಟೆ ಮಾರುವಾಗಲೂ ‘ದೇವರಾಣೆ’ ಎನ್ನುತ್ತಿರಲಿಲ್ಲ.

ಪರ್ನೆಲ್ ಅವರಲ್ಲಿ ಒಬ್ಬಳಲ್ಲ. ಬೇರೆ ಊರಿನಿಂದ ಮದುವೆಯಾಗಿ ಬಂದವಳು. ಚರ್ಚಿನ ಮೇರಿ ಮಾತೆಯ ಮೂರ್ತಿಯ ಮುಂದೆ ವಾರವಾರ ಮೇಣದಬತ್ತಿ ಹಚ್ಚುವವಳು, ಉಪವಾಸದ ದಿನ ಮೊಟ್ಟೆ ಮುಟ್ಟದವಳು. ಆದರೆ ಭಾನುವಾರ ಮಧ್ಯಾಹ್ನ ಇವರೆಲ್ಲ ಮಗ್ಗದ ಸುತ್ತ ಸೇರಿದಾಗ ಅವಳು ಬಾಗಿಲ ಬಳಿ ರಾಟೆ ಹಾಕಿಕೊಂಡು ಕೂರುತ್ತಿದ್ದಳು. ಬೀದಿಯಲ್ಲಿ ಯಾರಾದರೂ ಬಂದರೆ ರಾಟೆಯ ಸದ್ದು ನಿಲ್ಲುತ್ತಿತ್ತು. ಸದ್ದು ನಿಂತರೆ ಒಳಗೆ ಯಾಕೋಬನೂ ನಿಲ್ಲುತ್ತಿದ್ದ, ಎಲ್ಲರೂ ಉಣ್ಣೆಯ ಬೆಲೆ ಮಾತಾಡತೊಡಗುತ್ತಿದ್ದರು. ಇಷ್ಟು ವರ್ಷ ಆ ರಾಟೆಯನ್ನು ನಂಬಿಕೊಂಡೇ ಅವರು ಓದಿದ್ದು. ಅದನ್ನು ಯಾರೂ ನೆನೆಸಿಕೊಳ್ಳಲಿಲ್ಲ.

ಹ್ಯಾಮನ್ ಲಂಡನ್ನಿಗೆ ಹೋದದ್ದು ಬಟ್ಟೆ ಮಾರಲು ಎಂದು ಊರಿಗೆಲ್ಲ ಹೇಳಿದ್ದ. ನಿಜವಾಗಿ ಹೋದದ್ದು ಇಂಗ್ಲಿಷ್ ಬೈಬಲಿನ ಹೊಸ ಪುಸ್ತಕಕ್ಕೆ. ಸಮುದ್ರದಾಚೆ ಅಚ್ಚು ಹಾಕಿ, ಬಟ್ಟೆಯ ಗಂಟುಗಳ ನಡುವೆ ಬಚ್ಚಿಟ್ಟು ತರುತ್ತಿದ್ದಾರೆ ಎಂದು ಸುದ್ದಿಯಿತ್ತು. ಅಂಗಡಿಯವನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಅಂಗೈ ಅಗಲದ ಪುಸ್ತಕ ತೋರಿಸಿದ. ಹ್ಯಾಮನ್ ತಮ್ಮ ಕೈಬರಹದ ಪುಸ್ತಕದಿಂದ ಒಂದು ತುಣುಕು ಹೇಳಿದಾಗ ಅವನು ಮೂಗು ಮುರಿದು, “ಅಯ್ಯೋ, ಇದು ನಿನ್ನ ಮುತ್ತಜ್ಜಿ ಮಾತಾಡ್ತಿದ್ದ ಇಂಗ್ಲಿಷು. ಅದೂ ಲ್ಯಾಟಿನ್ನಿಂದ ಎತ್ತಿದ್ದು, ಹಳಸಿದ ಗಂಜಿ. ಇದು ಮೂಲ ಗ್ರೀಕಿನಿಂದ ಬಂದದ್ದು, ಬಿಸಿ ರೊಟ್ಟಿ” ಎಂದ. ಹ್ಯಾಮನ್‌ಗೆ ಉರಿದುಹೋಯಿತು. ಆದರೂ ಕೊಂಡ. ಎದೆಗವಚಿಕೊಂಡು ಊರಿಗೆ ಬಂದರೆ, ಊರಿನಲ್ಲಿ ಬಿಷಪ್ಪನ ಅಧಿಕಾರಿ ಬಂದು ಜಾಲಾಡಿ ಹೋಗಿದ್ದ. ರೇಫ್ ಒಳಗೆ, ವಾಟ್ ಒಳಗೆ, ಇನ್ನೂ ಎಷ್ಟೋ ಜನ ಒಳಗೆ. ಹಿಡಿದು ಒಯ್ದವರಲ್ಲಿ ಪರ್ನೆಲ್ ಮಾತ್ರ ಹೊರಗೆ.

ಮಗ್ಗದಲ್ಲಿ ಅವನು ಕೂರುತ್ತಿದ್ದ ಹಲಗೆಯ ಕೆಳಗೆ ಟೊಳ್ಳಿತ್ತು. ಹಳೆಯ ಪುಸ್ತಕ ಅದರೊಳಗೆ ಇಟ್ಟಲ್ಲೇ ಇತ್ತು. ಯಾರೂ ಮುಟ್ಟಿರಲಿಲ್ಲ. ಹೊಸದನ್ನೂ ಅದರ ಪಕ್ಕ ಇಟ್ಟು ಹಲಗೆ ಮುಚ್ಚಿದ. ಯಾರೂ ಮುಟ್ಟದೆ ಇದ್ದದ್ದೇ ಅವನ ಹೊಟ್ಟೆಯಲ್ಲಿ ಮುಳ್ಳಾಯಿತು.

ಮಾರನೆಯ ದಿನ ಟಿಬ್ಬಿ ಬಂದಳು. ಹೊಸ್ತಿಲ ಆಚೆಯೇ ನಿಂತಳು.

“ಒಳಗೆ ಬಾ ಅಕ್ಕಾ” ಎಂದ ಹ್ಯಾಮನ್.

“ಬರಲ್ಲಪ್ಪ. ಈ ಮನೆ ಒಳಗೆ ಬಂದೋರ ಹೆಸರು ಎಲ್ಲೆಲ್ಲಿಗೆ ಹೋಗುತ್ತೋ ಯಾರಿಗೆ ಗೊತ್ತು.” ಟಿಬ್ಬಿಯ ಕಣ್ಣು ಊದಿಕೊಂಡಿತ್ತು. ಬಾಯಿ ಮಾತ್ರ ಎಂದಿನ ಹಾಗೇ ಇತ್ತು. “ಏನಮ್ಮಾ ಮೇಣದಬತ್ತಿ ರಾಣಿ, ಸುಖವಾಗಿದೀಯಾ? ನನ್ನ ಗಂಡ ಅಲ್ಲಿ ಒದ್ದೆ ಹುಲ್ಲಿನ ಮೇಲೆ ಬಿದ್ದಿದಾನೆ.”

“ಗೊತ್ತು ಅತ್ತಿಗೆ. ನಿನ್ನೆ ರೊಟ್ಟಿ ಕಳಿಸಿದ್ದೆ, ಮುಟ್ಟಿತಾ?” ಎಂದಳು ಪರ್ನೆಲ್.

“ಮುಟ್ಟಿತು. ನಾಯಿಗೆ ಹಾಕ್ದೆ.” ಟಿಬ್ಬಿ ತಮ್ಮನ ಕಡೆ ತಿರುಗಿದಳು. “ಕೇಳು ಹ್ಯಾಮನ್. ಇವಳು ಅಲ್ಲಿಂದ ಹೆಂಗೆ ಬಂದ್ಲು ಗೊತ್ತಾ? ಪಾದ್ರಿ ಪಿಯರ್ಸ್ ಜೊತೆ, ಅವನ ಗಾಡೀಲಿ. ಕಣ್ಣಾರೆ ನೋಡ್ದೆ. ಬಾಗಿಲ ಹತ್ರ ಇಳಿಸಿ ಬೆನ್ನು ತಟ್ಟಿ ಹೋದ. ಶಭಾಷ್ ಅನ್ನೋ ಹಂಗೆ.”

“ದಾರಿ ಕೆಸರಿತ್ತು. ಹತ್ತು ಅಂದ್ರು, ಹತ್ತಿದೆ.”

“ಕೆಸರಂತೆ! ನಮ್ಮ ಮನೆ ಹುಲ್ಲಿನ ಛಾವಣಿ ಸಮೇತ ಕಿತ್ತು ಹುಡುಕಿದ್ರು. ರೇಫ್ ಮಾವನ ಹಾಸಿಗೆ ಸೀಳಿದ್ರು. ಈ ಮನೆ ಬಾಗಿಲು ಮಾತ್ರ ಯಾರೂ ತಟ್ಟಲಿಲ್ಲ. ಯಾಕೋ ಹ್ಯಾಮನ್? ಹೇಳೋ, ಯಾಕೆ?”

ಹ್ಯಾಮನ್ ತಿರುಗಿ ಹೆಂಡತಿಯ ಮುಖ ನೋಡಿದ. ಅವಳು ಬಟಾಣಿ ಗಂಜಿ ಕದಡುತ್ತಿದ್ದಳು.

“ಉಳಿದೋರೆಲ್ಲ ಮಾತಾಡ್ಕೊಂಡಿದೀವಿ” ಎಂದಳು ಟಿಬ್ಬಿ. “ಇನ್ನು ಈ ಮನೇಲಿ ಓದು ಇಲ್ಲ. ಪುಸ್ತಕ ನನ್ನ ಮನೆಗೆ ಕೊಟ್ಟುಬಿಡು. ಒಂದು ಸಲ ಹುಡುಕಿದ ಮನೆ, ಮತ್ತೆ ಹುಡುಕಲ್ಲ.”

“ನನ್ನ ಹತ್ರಾನೇ ಇರುತ್ತೆ.”

“ನಿನ್ನ ಹತ್ರ ಇರಲಿ. ಅವಳ ಹತ್ರ ಬೇಡ ಅಂತ ಹೇಳಿದ್ದು.”

ಅವಳು ಹೋದ ಮೇಲೆ ಗಂಜಿ ತಳ ಹಿಡಿದ ವಾಸನೆ ಬಂತು. ಗಂಡ ಹೆಂಡತಿ ಇಬ್ಬರೂ ಅದನ್ನೇ ತಿಂದರು.

ಅಲ್ಲಿಂದ ಹ್ಯಾಮನ್ ಹೆಂಡತಿಯನ್ನು ಕಾಯತೊಡಗಿದ. ಮಗ್ಗದಲ್ಲಿ ಕೈ ಆಡುತ್ತಿದ್ದರೂ ಕಣ್ಣು ಅವಳ ಮೇಲೆ. ಅವಳು ನೀರಿಗೆ ಹೋಗಿ ತಡವಾದರೆ ಬಾಗಿಲಿಗೆ ಬರುತ್ತಿದ್ದ. ನೆರೆಯವಳೊಡನೆ ತಗ್ಗಿದ ದನಿಯಲ್ಲಿ ಮಾತಾಡಿದರೆ ಕಿವಿ ನೆಟ್ಟಗಾಗುತ್ತಿತ್ತು. ಈಸ್ಟರಿಗೆ ಮುಂಚಿನ ಉಪವಾಸದ ವಾರಗಳು ಅವು. ಆ ವಾರಗಳಲ್ಲಿ ಪ್ರತಿ ವರ್ಷ ಮೇರಿ ಮಾತೆಯ ಮುಂದೆ ಬತ್ತಿಯ ಮೇಲೆ ಬತ್ತಿ ಹಚ್ಚುತ್ತಿದ್ದವಳು ಈ ಸಲ ಒಂದನ್ನೂ ಹಚ್ಚಲಿಲ್ಲ. ಕೊಂಡು ತಂದ ಮೇಣದಬತ್ತಿಗಳು ಗೋಡೆಯ ಗೂಡಿನಲ್ಲೇ ಉಳಿದವು. ಹ್ಯಾಮನ್ ಅದನ್ನೂ ಗಮನಿಸಿದ. ಇನ್ನು ಮಾತೆಯ ಹಂಗು ಯಾಕೆ, ಬಿಷಪ್ಪನೇ ಕೈ ಹಿಡಿದ ಮೇಲೆ ಎಂದುಕೊಂಡ. ಸಂಶಯಕ್ಕೆ ಮೇವು ಹುಡುಕುವ ಕಷ್ಟವಿಲ್ಲ. ಅದು ಹುಲ್ಲನ್ನೂ ತಿನ್ನುತ್ತದೆ, ಕಲ್ಲನ್ನೂ ತಿನ್ನುತ್ತದೆ.

ಒಂದು ಬೆಳಿಗ್ಗೆ ಅವಳು ಚರ್ಚಿಗೆ ಹೊರಟಳು. ಈಸ್ಟರಿಗೆ ಮೊದಲು ಊರಿನವರೆಲ್ಲ ಪಾದ್ರಿಯ ಬಳಿ ಪಾಪ ನಿವೇದಿಸಿಕೊಳ್ಳಬೇಕು. ಮಾಡದವರಿಗೆ ಹಬ್ಬದ ದಿನ ಪರಮಪ್ರಸಾದ ಇಲ್ಲ, ಪ್ರಸಾದ ತೆಗೆದುಕೊಳ್ಳದವರ ಮೇಲೆ ಇಡೀ ಊರಿನ ಕಣ್ಣು. ಹ್ಯಾಮನ್ ಹಿಂದೆಯೇ ಹೋಗಿ ಕಂಬದ ಮರೆಗೆ ನಿಂತ. ಪಾದ್ರಿ ಪಿಯರ್ಸ್ ಕುರ್ಚಿಯಲ್ಲಿ ಕೂತಿದ್ದ, ಜನ ಒಬ್ಬೊಬ್ಬರಾಗಿ ಮೊಣಕಾಲೂರಿ ಅವನ ಕಿವಿಗೆ ಪಿಸುಗುಟ್ಟಿ ಏಳುತ್ತಿದ್ದರು. ಪರ್ನೆಲಳ ಸರದಿ ಬಂತು. ಅವಳು ಪಕ್ಕಕ್ಕೆ ಸರಿದು ಹಿಂದಿನ ಮುದುಕಿಯನ್ನು ಮುಂದೆ ಬಿಟ್ಟಳು. ಮತ್ತೆ ಸರದಿ ಬಂತು, ಮತ್ತೆ ಬಿಟ್ಟಳು. ಕೊನೆಗೆ ತಲೆಬಟ್ಟೆ ಎಳೆದುಕೊಂಡು ಹೊರಗೆ ಬಂದುಬಿಟ್ಟಳು.

ಪಾದ್ರಿ ಎದ್ದು ಅವಳ ಹಿಂದೆ ಬಂದ. ಸಮಾಧಿಗಳ ನಡುವೆ ನಿಂತು ಅವಳೊಡನೆ ಮಾತಾಡಿದ. ಗಾಳಿಗೆ ಅಷ್ಟಿಷ್ಟು ಮಾತ್ರ ಸಮಾಧಿಕಲ್ಲಿನ ಮರೆಗೆ ಬಂದು ಅವಿತ ಹ್ಯಾಮನ್‌ನ ಕಿವಿಗೆ ಬಿತ್ತು.

“... ಹಬ್ಬದೊಳಗೆ ಬರಲೇಬೇಕು ಪರ್ನೆಲ್. ಅವತ್ತು ಅಧಿಕಾರಿ ಮುಂದೆ ನಿನ್ನ ಪರ ನಿಂತವನು ನಾನು. ಮರೀಬೇಡ ತಾಯಿ. ಕಾಯ್ತಾ ಇರ್ತೀನಿ.”

“ಬರ್ತೀನಿ ಸ್ವಾಮಿ” ಎಂದಳು ಅವಳು.

ಹ್ಯಾಮನ್‌ಗೆ ಲೆಕ್ಕ ಸಿಕ್ಕಿತು. ಇನ್ನೇನು ಬೇಕು? ಅರ್ಧ ಹೇಳಿ ಬಂದಿದ್ದಾಳೆ, ಇನ್ನರ್ಧ ಹಬ್ಬದೊಳಗೆ ಹೇಳಬೇಕು. ಅದೇ ಕರಾರು. ಅಡ್ಡದಾರಿಯಲ್ಲಿ ಓಡಿ ಅವಳಿಗಿಂತ ಮೊದಲು ಮನೆ ಸೇರಿ ಮಗ್ಗದಲ್ಲಿ ಕೂತ.

“ಪಾದ್ರಿ ಏನಂದ?” ಎಂದ ಅವಳು ಒಳಗೆ ಕಾಲಿಟ್ಟೊಡನೆ.

ಅವಳು ಅವನ ಬೂಟಿಗೆ ಹತ್ತಿದ ಸಮಾಧಿಯ ಹಸಿ ಮಣ್ಣು ನೋಡಿದಳು. “ಉಪ್ಪುಮೀನಿನ ಬೆಲೆ ಏರಿತು ಅಂದ” ಎಂದು ಅಡಿಗೆಗೆ ಹೋದಳು.

ಆ ದಿನದಿಂದ ಹ್ಯಾಮನ್ ಹಲಗೆ ಬಿಟ್ಟು ಏಳುವುದನ್ನೇ ನಿಲ್ಲಿಸಿದ. ಊಟ ಅಲ್ಲೇ, ತೂಕಡಿಕೆ ಅಲ್ಲೇ. ಪರ್ನೆಲ್ ತಟ್ಟೆ ತಂದು ಅವನ ತೊಡೆಯ ಮೇಲಿಟ್ಟು, “ಕಾವಿಗೆ ಕೂತ ಕೋಳಿ ಹಂಗಿದೀಯ. ಮರಿ ಯಾವಾಗ ಆಗುತ್ತೆ?” ಎಂದಳು ಒಮ್ಮೆ. ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು.

ಈಸ್ಟರಿಗೆ ಹಿಂದಿನ ಭಾನುವಾರ ಸೆರೆಯಲ್ಲಿದ್ದವರನ್ನು ಹೊರಗೆ ಬಿಟ್ಟರು. ಬಿಡುವ ಮುಂಚೆ ಸಂತೆಪೇಟೆಯ ಶಿಲುಬೆಯ ಸುತ್ತ ಬರಿಗಾಲಲ್ಲಿ ನಡೆಸಿದರು, ಹೆಗಲ ಮೇಲೆ ಸೌದೆಯ ಹೊರೆ. ಇನ್ನೊಂದು ಸಲ ಸಿಕ್ಕರೆ ಇದೇ ಸೌದೆಯಲ್ಲಿ ಸುಡುತ್ತೇವೆ ಎಂದು ಅದರ ಅರ್ಥ. ಜೀವ ಇರುವ ತನಕ ತೋಳಿನ ಮೇಲೆ ಸೌದೆಯ ಚಿತ್ರ ಹೊಲಿದ ಬಟ್ಟೆ ತೊಡಬೇಕು. ವಾಟ್ ಹ್ಯಾಮನ್‌ನ ಮುಂದೆಯೇ ಹಾದುಹೋದ, ತಿರುಗಿ ನೋಡಲಿಲ್ಲ. ರೇಫ್ ಮಾತ್ರ ಅವನನ್ನು ಕಂಡು ಹಲ್ಲಿಲ್ಲದ ಬಾಯಲ್ಲಿ ನಕ್ಕ.

ಮರುದಿನ ಹ್ಯಾಮನ್ ರೇಫ್‌ನ ಮನೆಗೆ ಹೋದ. ಮುದುಕ ಬಿಸಿನೀರಿನ ಮರದ ತೊಟ್ಟಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ತೋಳಿನ ಮೇಲೆ ಹೊಸ ಬಟ್ಟೆಯ ತುಂಡು.

“ಮಾವ, ನಮ್ಮೋರ ಹೆಸರೆಲ್ಲ ಅವರಿಗೆ ಕೊಟ್ಟೋರು ಯಾರು ಅಂತ ಏನಾದ್ರೂ ಗೊತ್ತಾಯ್ತಾ?”

“ಗೊತ್ತಿಲ್ಲದೆ ಏನು? ನಾನೇ.”

ಹ್ಯಾಮನ್‌ಗೆ ತಾನು ಸರಿಯಾಗಿ ಕೇಳಿಸಿಕೊಂಡೆನೇ ಎಂದು ಅನುಮಾನವಾಯಿತು. “ಏನಂದೆ?”

“ಆಣೆ ಮಾಡು ಅಂದ್ರು ಕಣಪ್ಪಾ. ಮಾಡಲ್ಲ ಅಂದೆ. ಆ ಅಧಿಕಾರಿ ಬುದ್ಧಿವಂತ. ‘ಸರಿ ತಾತ, ಆಣೆ ಬೇಡ. ನಾನು ಹೆಸರು ಹೇಳ್ತೀನಿ, ನೀನು ಹೌದು ಅಥವಾ ಇಲ್ಲ ಅನ್ನು ಸಾಕು’ ಅಂದ. ಇವನು ನಿಮ್ಮೋನಾ ಅಂದ. ಹೌದು ಅಂದೆ. ಇವಳು? ಹೌದು ಅಂದೆ. ಇದ್ದದ್ದನ್ನ ಇಲ್ಲ ಅನ್ನಕ್ಕೆ ಆಗುತ್ತಾ?”

“ಬಾಯಿ ಮುಚ್ಕೊಂಡು ಇರಬಹುದಿತ್ತಲ್ಲ!”

“ಸ್ವಲ್ಪ ದಿನ ಇದ್ದೆ. ಆಮೇಲೆ, ಸುಮ್ಮನಿರೋದೂ ಒಂಥರಾ ಸುಳ್ಳೇ ಅನ್ನಿಸ್ತು.” ರೇಫ್ ನೀರಿನಲ್ಲಿ ಬೆರಳು ಆಡಿಸಿದ. ಅವನ ಮುಖದಲ್ಲಿ ಕಳವಳದ ಗೆರೆಯೂ ಇರಲಿಲ್ಲ. “ನೀನೇ ಬಾಯಿಪಾಠ ಹೇಳ್ತಿದ್ದ ಮಾತಲ್ವೇನೋ ಅದು?”

“ನನ್ನ ಹೆಸರೂ ಹೇಳಿದ್ಯಾ?”

“ನಿನ್ನ ಹೆಸರು, ಹಲಗೆ ಕೆಳಗಿನ ಪುಸ್ತಕ, ಎರಡೂ. ಕೇಳಿದ್ರು, ಹೇಳಿದೆ.”

“ಮತ್ತೆ ನಮ್ಮನೆಗೆ ಯಾಕೆ ಬರಲಿಲ್ಲ?”

“ಹೆಂಗೆ ಬರ್ತಾರೆ? ನೀನಿರಲಿಲ್ಲ, ನಿನ್ನ ಹೆಂಡತೀನ ಹಿಡ್ಕೊಂಡು ಬಂದ್ರು. ನನ್ನೆದುರಿಗೇ ನಿಲ್ಲಿಸಿದ್ರು. ಆಣೆ ಮಾಡ್ತೀಯಾ ಅಂತ ಕೇಳೋದೇ ತಡ, ಆ ಹುಡುಗಿ ಲ್ಯಾಟಿನ್ ಪುಸ್ತಕದ ಮೇಲೆ ಕೈ ಊರಿಬಿಟ್ಲು. ದೇವರಾಣೆ, ಮಾತೆಯಾಣೆ, ಕೊನೇ ತೀರ್ಪಿನ ದಿನ ನನ್ನ ಆತ್ಮದ ಮೇಲಾಣೆ, ನಮ್ಮನೇಲಿ ಅಂಥ ಪುಸ್ತಕ ಇಲ್ಲ ಅಂದ್ಲು. ‘ಈ ತಾತಂಗೆ ಅರಳುಮರಳು. ನನ್ನ ಗಂಡನಾ? ಹೆಂಡದಂಗಡಿಯಿಂದ ಮನೆಗೆ ಬರೋ ದಾರೀನೇ ಅವನ ತಲೇಲಿ ನಿಲ್ಲಲ್ಲ, ಇನ್ನು ಧರ್ಮಗ್ರಂಥ ನಿಲ್ಲುತ್ತಾ ಸ್ವಾಮಿ? ಹಲಗೆ ಕೆಳಗೆ ಇರೋದು ನನ್ನ ಕಣ್ಣು ತಪ್ಪಿಸಿ ಬಚ್ಚಿಟ್ಟಿರೋ ಹೆಂಡದ ಜಾಡಿ’ ಅಂದ್ಲು. ಅಧಿಕಾರಿ, ಬರ್ಕೊಳ್ಳೋನು, ಕಾವಲಿನೋರು, ಎಲ್ಲಾ ಹೊಟ್ಟೆ ಹಿಡ್ಕೊಂಡು ನಕ್ಕರು. ಪಾದ್ರಿ ಪಿಯರ್ಸ್ ಎದ್ದು, ಈ ಹೆಂಗಸಿನ ಮೇಣದಬತ್ತಿ ಒಂದು ವಾರ ತಪ್ಪಿದ್ದಿಲ್ಲ, ಇವಳು ಸುಳ್ಳಾಣೆ ಇಡೋಳಲ್ಲ ಅಂದ. ಬಿಟ್ಟುಬಿಟ್ರು.” ಮುದುಕ ಕಣ್ಣೊರೆಸಿಕೊಂಡ. “ನಾನು ಅತ್ತುಬಿಟ್ಟೆ ಕಣೋ. ಅಷ್ಟು ದೊಡ್ಡ ಸುಳ್ಳು. ಪಾಪ, ಅವಳ ಆತ್ಮದ ಗತಿ ಏನು?”

“ಅಳೋದಿದ್ರೆ ವಾಟ್‌ಗೋಸ್ಕರ ಅಳು! ಅವನ ತೋಳಿಗೆ ಸೌದೆ ಹೊಲಿಸಿದೆಯಲ್ಲ, ಅದಕ್ಕೆ ಅಳು!” ಹ್ಯಾಮನ್ ತೊಟ್ಟಿಗೆ ಒದ್ದ. ನೀರು ಮಣ್ಣಿನ ನೆಲದ ಮೇಲೆಲ್ಲ ಹರಿಯಿತು. ಮುದುಕ ಒದ್ದೆ ಕಾಲುಗಳನ್ನು ಮೇಲೆತ್ತಿಕೊಂಡು, ಬೆಟ್ಟದ ಮೇಲಿನ ಉಪದೇಶದಿಂದ ಏನನ್ನೋ ಹೇಳತೊಡಗಿದ. ಹ್ಯಾಮನ್ ಕೇಳಲು ನಿಲ್ಲಲಿಲ್ಲ.

ದಾರಿಯಲ್ಲಿ ಮೊದಲು ಅವನನ್ನು ಚುಚ್ಚಿದ್ದು ಆ ನಗು. ಇಡೀ ಯಾಕೋಬನ ಪತ್ರ ತಲೆಯಲ್ಲಿಟ್ಟುಕೊಂಡವನನ್ನು ದಾರಿ ಮರೆಯುವ ಕುಡುಕ ಎಂದಳಂತೆ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಅರ್ಧ ದಾರಿ ಅದರ ಉರಿಯಲ್ಲೇ ನಡೆದ. ಆಮೇಲೆ ಚರ್ಚಿನ ಸಾಲು ನೆನಪಾಯಿತು. ಸರದಿ ಬಂದಾಗಲೆಲ್ಲ ಪಕ್ಕಕ್ಕೆ ಸರಿಯುತ್ತಿದ್ದ ಪರ್ನೆಲ್. ಅವನ ಕಾಲು ನಿಂತಿತು.

ಅವನಿಗಾದರೆ ಆ ಲ್ಯಾಟಿನ್ ಪುಸ್ತಕದ ಮೇಲೆ ಕೈಯಿಡುವುದು ಬರಿಯ ತಪ್ಪು. ಅವಳಿಗೆ ಹಾಗಲ್ಲ. ಸುಳ್ಳಾಣೆ ಇಟ್ಟವರು ನರಕದಲ್ಲಿ ಬೇಯುತ್ತಾರೆಂದು ಅವಳು ನಂಬಿದ್ದಳು, ಒಲೆಯಲ್ಲಿ ಬೆಂಕಿ ಇದೆ ಎಂದು ನಂಬುವ ಹಾಗೆ. ಪಾದ್ರಿಗೆ ಹೇಳಿಕೊಂಡರೆ ಆ ಪಾಪ ಕಳೆಯುತ್ತದೆ. ಆದರೆ ಹೇಳಿಕೊಂಡರೆ ಗಂಡ ಸೌದೆಯ ಮೇಲೆ. ಅದಕ್ಕೇ ಮೇಣದಬತ್ತಿ ಹಚ್ಚಲಿಲ್ಲ. ಯಾವ ಮುಖ ಇಟ್ಟುಕೊಂಡು ಹಚ್ಚುತ್ತಾಳೆ? ಆಣೆ ಇಡದ ಜನರಿಗೆ ಸುಳ್ಳಾಣೆ ಇಟ್ಟು ಒಬ್ಬರನ್ನು ಉಳಿಸಬಹುದು ಎಂಬುದೇ ಹೊಳೆದಿರಲಿಲ್ಲ. ಹೊರಗೆ ಬಂದವಳು ಹೆಸರು ಹೇಳಿಯೇ ಬಂದಿರಬೇಕು ಎಂದು ಎಲ್ಲರೂ ಲೆಕ್ಕ ಹಾಕಿದ್ದರು, ಅವನೂ ಹಾಕಿದ್ದ.

ಮನೆಗೆ ಬಂದಾಗ ಪರ್ನೆಲ್ ದಪ್ಪ ಮೇಲುಹೊದಿಕೆ ಹೊದ್ದು ನಿಂತಿದ್ದಳು. ಕೈಯಲ್ಲಿ ಕೋಲು, ಹೆಗಲಿಗೆ ಗಂಟು.

“ರೇಫ್ ಮಾವ ಎಲ್ಲಾ ಹೇಳಿದ” ಎಂದ ಹ್ಯಾಮನ್.

“ಹೂಂ.”

“ನಂಗೆ ಯಾಕೆ ಹೇಳಲಿಲ್ಲ ನೀನು?”

“ಏನಾಯ್ತು ಅಂತ ನೀನೆಲ್ಲಿ ಕೇಳಿದೆ? ಯಾರ ಹೆಸರು ಕೊಟ್ಟೆ ಅಂತ ಕೇಳ್ದೆ.”

ಹ್ಯಾಮನ್ ಟೋಪಿ ತೆಗೆದು ಕೈಯಲ್ಲಿ ಹಿಂಡಿದ. “ತಪ್ಪಾಯ್ತು” ಎಂದ. ಆ ಮಾತು ಅವನ ಬಾಯಿಗೆ ಅಭ್ಯಾಸವಿರಲಿಲ್ಲ, ಮೂಳೆ ಸಿಕ್ಕಿಕೊಂಡ ಹಾಗೆ ಬಂತು. “ಎಲ್ಲಿಗೆ ಹೊರಟೆ?”

“ವಾಲ್ಸಿಂಗ್‌ಹ್ಯಾಮ್ ಊರಿನ ಮೇರಿ ಮಾತೆ ಗುಡಿಗೆ. ಕೂಡುದಾರಿ ಹತ್ರ ಯಾತ್ರೆಯೋರು ಕಾಯ್ತಾ ಇದಾರೆ. ಅಲ್ಲಿ ಸಾವಿರ ಜನ ಬರ್ತಾರೆ. ಪಾಪ ಕೇಳೋ ಪಾದ್ರಿಗೆ ನನ್ನ ಮುಖ ಗೊತ್ತಿಲ್ಲ, ಊರು ಗೊತ್ತಿಲ್ಲ. ಹಬ್ಬದೊಳಗೆ ಹೇಳ್ಕೊಂಡು ಇಳಿಸಿಬಿಡ್ತೀನಿ.”

“ಬೇಡ ಕಣೇ. ಅದಕ್ಕೆ ಪಾದ್ರಿ ಬೇಕಾಗಿಲ್ಲ. ತಾಳು.” ಹ್ಯಾಮನ್ ಹಲಗೆ ಎತ್ತಿ ಹೊಸ ಪುಸ್ತಕ ತೆಗೆದ. ಅವಸರದಲ್ಲಿ ಹಾಳೆ ತಿರುವಿದ. “ಹಳೇದರಲ್ಲಿ ಪ್ರಾಯಶ್ಚಿತ್ತ ಮಾಡಿ ಅಂತ ಇತ್ತಲ್ಲ, ಅದೇ ಜಾಗ. ಇಲ್ಲಿ ನೋಡು, ಮನಸ್ಸು ತಿರುಗಿಸಿಕೊಳ್ಳಿ ಅಂತ ಇದೆ. ಅಷ್ಟೇ. ಪಾದ್ರಿ ಮುಂದೆ ಮೊಣಕಾಲೂರಬೇಕಾಗಿಲ್ಲ, ದುಡ್ಡು ಕೊಡಬೇಕಾಗಿಲ್ಲ, ನಡೀಬೇಕಾಗಿಲ್ಲ. ಮೂಲದಲ್ಲಿ ಹಿಂಗೇ ಇರೋದಂತೆ.”

ಪರ್ನೆಲ್‌ಗೆ ಓದು ಬಾರದು. ಆದರೂ ಬಗ್ಗಿ ಆ ಸಣ್ಣ ಅಕ್ಷರಗಳನ್ನು ನೋಡಿದಳು.

“ಎರಡೂ ಒಂದೇ ಜಾಗಾನಾ?”

“ಒಂದೇ ಜಾಗ.”

“ರೇಫ್ ಮಾವ ಇಷ್ಟು ವರ್ಷ ಪ್ರಾಯಶ್ಚಿತ್ತ ಅಂತಲೇ ಹೇಳ್ತಿದ್ದ. ರಾಟೆ ತಿರುಗಿಸ್ತಾ ನನಗೂ ಬಾಯಿಗೆ ಬಂದುಬಿಟ್ಟಿದೆ. ಈಗ ನೀನು ಲಂಡನ್ನಿಂದ ಬೇರೆ ತಂದೆ. ಮುಂದಿನ ವರ್ಷ ಇನ್ಯಾರೋ ಇನ್ನೊಂದು ತರ್ತಾರೆ. ತರ್ಲಿ. ನಾನು ಇಟ್ಟದ್ದು ಸುಳ್ಳಾಣೆ. ಅದನ್ನ ಯಾವ ಭಾಷೆಗೆ ಹಾಕಿದ್ರೂ ಸುಳ್ಳಾಣೇನೇ.”

ಹ್ಯಾಮನ್ ಪುಸ್ತಕ ಮುಚ್ಚಿದ. ಹೊರಗೆ ಯಾರದೋ ಕುರಿಗಳು ಹಾದುಹೋದವು. ಅವನು ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು.

“ಅಲ್ಲಿ ಏನಂತ ಹೇಳ್ತೀಯ?”

“ಸುಳ್ಳಾಣೆ ಇಟ್ಟೆ ಅಂತ.”

“ಯಾರಿಗೋಸ್ಕರ ಅಂತ ಕೇಳಿದ್ರೆ?”

“ಗಂಡನಿಗೋಸ್ಕರ ಅಂತೀನಿ.”

“ಗಂಡ ಏನು ಮಾಡಿದ್ದ ಅಂತ ಕೇಳಿದ್ರೆ? ಯಾವ ಊರು ಅಂತ ಕೇಳಿದ್ರೆ?”

ಪರ್ನೆಲ್ ಅವನ ಮುಖವನ್ನೇ ನೋಡಿದಳು. “ಮತ್ತೆ ಶುರು ಮಾಡಿದೆ.”

“ಇಲ್ಲ ಇಲ್ಲ. ಸುಮ್ಮನೆ ಕೇಳ್ದೆ. ನಿನ್ನ ಮೇಲೆ ನಂಬಿಕೆ ಇದೆ. ಹೋಗಿ ಬಾ.” ಅವನೇ ಬಾಗಿಲು ತೆಗೆದು ಹಿಡಿದ. “ಹುಷಾರಾಗಿ ಹೋಗು. ಹಬ್ಬದ ಊಟಕ್ಕೆ ಬಂದುಬಿಡು. ಕುರಿಮರಿ ಮಾಂಸ ತಂದಿಡ್ತೀನಿ.”

“ಬರ್ತೀನಿ” ಎಂದು ಅವಳು ಹೊರಟಳು. ಬೇಲಿಯ ತಿರುವು ದಾಟುವ ತನಕ ಹ್ಯಾಮನ್ ಬಾಗಿಲಲ್ಲಿ ನಿಂತು ನೋಡಿದ. ಅವಳ ಹೊದಿಕೆಯ ತುದಿ ಮರೆಯಾಯಿತು.

ಅವಳು ಒಳ್ಳೆಯವಳು ಎಂಬುದರಲ್ಲಿ ಈಗ ಅವನಿಗೆ ಅನುಮಾನವಿರಲಿಲ್ಲ. ಆದರೆ ಪಾದ್ರಿಗಳು ಕೇಳುವುದರಲ್ಲಿ ನುರಿತವರು. ಮಾತಿನಿಂದ ಮಾತು ಎಳೆಯುತ್ತಾರೆ. ರೇಫ್‌ನಂಥವನನ್ನೇ ಬರಿಯ ಹೌದು ಇಲ್ಲಗಳಲ್ಲಿ ಬರಿದು ಮಾಡಲಿಲ್ಲವೇ? ಎಚ್ಚರ ಇದ್ದರೆ ನಷ್ಟವೇನು? ಅವಳಿಗೆ ಗೊತ್ತಾಗುವುದೂ ಇಲ್ಲ. ಹೀಗೆಲ್ಲ ತನಗೇ ಸಮಜಾಯಿಷಿ ಹೇಳಿಕೊಳ್ಳುತ್ತ ಅವನು ಉಣ್ಣೆಯ ಮೂಟೆ ಬಿಚ್ಚಿದ, ಹಲಗೆ ಎತ್ತಿದ, ಎರಡೂ ಪುಸ್ತಕ ತೆಗೆದು ಉಣ್ಣೆಯ ನಡುವೆ ತುರುಕಿದ. ಟಿಬ್ಬಿಯ ಮನೆಗೆ ಸಾಗಿಸಿಬಿಟ್ಟರೆ ಆಯಿತು. ಒಂದು ಸಲ ಹುಡುಕಿದ ಮನೆ.

ಹಗ್ಗ ಬಿಗಿಯುತ್ತಿದ್ದಾಗ ನೆಲದ ಮೇಲೆ ನೆರಳು ಬಿತ್ತು. ಅವನು ತಲೆಯೆತ್ತಿದ.

ಪರ್ನೆಲ್ ಬಾಗಿಲಲ್ಲಿದ್ದಳು. ದಾರಿಗೆಂದು ಸುಟ್ಟಿಟ್ಟ ರೊಟ್ಟಿ ಒಲೆಯ ಪಕ್ಕವೇ ಉಳಿದುಹೋಗಿತ್ತು. ಅವಳು ತೆರೆದ ಹಲಗೆ ನೋಡಿದಳು, ಖಾಲಿ ಟೊಳ್ಳು ನೋಡಿದಳು, ಅವನ ಕೈಯಲ್ಲಿದ್ದ ಹಗ್ಗ ನೋಡಿದಳು.

“ಪರ್ನೆಲ್, ಇದು... ಅದಲ್ಲ...”

“ಗಂಟು ಸಡಿಲ ಇದೆ” ಎಂದಳು ಅವಳು. ಕೂಗಲಿಲ್ಲ, ಅಳಲಿಲ್ಲ. “ಬಿಗಿಯಾಗಿ ಕಟ್ಟು. ದಾರೀಲಿ ಬಿಚ್ಚಿಕೊಂಡ್ರೆ ಊರೆಲ್ಲ ನೋಡುತ್ತೆ.”

ಒಳಗೆ ಬಂದು ರೊಟ್ಟಿಯನ್ನು ಗಂಟಿಗೆ ಸೇರಿಸಿದಳು. ಗೋಡೆಯ ಗೂಡಿನಲ್ಲಿ ಉಳಿದಿದ್ದ ಮೇಣದಬತ್ತಿಗಳನ್ನೆಲ್ಲ ತೆಗೆದುಕೊಂಡಳು, ಒಂದನ್ನೂ ಬಿಡಲಿಲ್ಲ. ಹ್ಯಾಮನ್ ಮೂಟೆಯ ಮೇಲೆ ಮೊಣಕಾಲೂರಿದವನು ಹಾಗೇ ಇದ್ದ. ಅಷ್ಟು ದೊಡ್ಡ ಪತ್ರ ಬಾಯಿಪಾಠ ಇದ್ದವನಿಗೆ ಆಗ ಒಂದು ಮಾತೂ ನೆನಪಾಗಲಿಲ್ಲ. ಅವಳು ಅವನ ಪಕ್ಕದಿಂದ ಹಾದು ಹೊರಗೆ ಹೋದಳು. ಬಾಗಿಲು ಹಾಕಲಿಲ್ಲ.

ಈಸ್ಟರ್ ಬಂತು. ಯಾತ್ರೆಗೆ ಹೋದವರು ಒಬ್ಬೊಬ್ಬರಾಗಿ ಊರಿಗೆ ಮರಳಿದರು. ಗುಡಿಯ ತನಕ ಅವಳು ಜೊತೆಗಿದ್ದಳು, ಆಮೇಲೆ ಕಾಣಲಿಲ್ಲ ಎಂದರು. ಹ್ಯಾಮನ್ ಪುಸ್ತಕಗಳನ್ನು ಟಿಬ್ಬಿಯ ಮನೆಯಿಂದ ತಂದು ಮತ್ತೆ ಹಲಗೆಯ ಕೆಳಗೆ ಇಟ್ಟ. ಬಾಗಿಲ ಬಳಿ ರಾಟೆ ಸದ್ದಿಲ್ಲದೆ ನಿಂತಿತ್ತು. ಕುದುರೆಯ ಗೊರಸಿನ ಸದ್ದು ಕೇಳಿದಾಗಲೆಲ್ಲ ಅವನು ಲಾಳಿ ನಿಲ್ಲಿಸಿ ಬಾಗಿಲು ನೋಡುತ್ತಿದ್ದ.

ಬಿಷಪ್ಪನ ಜನ ಬರಲಿಲ್ಲ. ಪರ್ನೆಲ್ ಕೂಡ ಬರಲಿಲ್ಲ.